ಎಡಕ್ಕ ಪಿಟೀಲು, ಬಲಕ್ಕ ಪಿಯಾನೊ

ಕಲ್ಲಿನಂಥ ಸ್ಪೀಕರ್ ಬೇಕಂದ್ಲು ಎರ್ಮೆಲಿಂಡಾ ಬಾಯಿ,
ಆಲ್ದೊಣಾದ ತನ್ನ ಹಿತ್ತಲಕ್ಕ ಹೊಂದುವಂಥ
ಚಿರೇಕಲ್ಲಿನ ಬಣ್ಣದ್ದು.
ಮಾಪ್ಸಾದಿಂದ ಸ್ಕೂಟರಿನ ಮುಂದ ಇಟಗೊಂಡು ತಂದೆ, ಎರಡು.
ಹಗುರ. ಒಳಗ ಪೊಳ್ಳು.
ದಾರಿ ತುಂಬ ನನಗ ನಗಿ:
ಗ್ವಾಡಿಗೆ ಕಿವಿ ಇರತಾವಂತ ಕೇಳಿದ್ದೆ,
ಕಲ್ಲಿಗೆ ಬಾಯಿ ಹಚ್ಚೂದು ನನ್ನ ಪಾಲಿಗೆ ಬಂತು.

"ನೂರು ವ್ಯಾಟು ಸಾಕೇನು?"
ವ್ಯಾಟಿನ ಮಾತು ಆಮ್ಯಾಲೆ, ಬಾಯಿ.
ಮನಿ ಒಳಗಾದ್ರ ನಾಕು ಗ್ವಾಡಿ, ತಲಿ ಮ್ಯಾಲ ಮಾಡು,
ಹೋದ ದನಿ ಬಡದು ತಿರುಗಿ ಬರತೈತಿ.
ಬಯಲಿಗೆ ಬಿಟ್ಟದ್ದು ಬರೂದಿಲ್ಲ.
ಅದಕ್ಕ ಹತ್ತಿರ ಇಡಬೇಕು, ಸಣ್ಣಗ ಹಚ್ಚಬೇಕು,
ಮೂತಿ ಮನಿ ಕಡೆ ಇರಬೇಕು, ಮಂದಿ ಕಡೆ ಅಲ್ಲ.
ಮತ್ತ ಓಮ್ ಅಂತೊಂದು ಐತಿ, ದೇವರದಲ್ಲ,
ಸ್ಪೀಕರಿನ ಹಟ ಎಷ್ಟಂತ ಅಳಿಯೂದು.
ಹಟ ಕಡಿಮಿ ಇದ್ದದ್ದು ಭಾಳ ಎಳಕೋತೈತಿ,
ಆಂಪ್ಲಿಫೈಯರ್ ಕೊಟ್ಟು ಕೊಟ್ಟು ಸುಟ್ಟು ಹೋಗತೈತಿ.

"ನಾನೂ ಹಂಗ ಸುಟ್ಟಾಕಿ" ಅಂದ್ಲು,
ಗ್ವಾಡಿ ಕಡೆ ನೋಡಿದ್ಲು.

ಗ್ವಾಡಿ ಆಚಿ ತಂಗಿ ಕ್ಲೌದಿನಾ.
ಎದಿಮಟ ಕಟ್ಟಿದ್ದು, ನಡುವ ಕಬ್ಬಿಣದ ಗೇಟು,
ಗೇಟಿಗೆ ಹನ್ನೊಂದು ಮಳಿಗಾಲದ ತುಕ್ಕು.

ಹೊಸಾ ಆಂಪ್ಲಿಫೈಯರು ರೊಟ್ಟಿಯಷ್ಟು ತೆಳ್ಳಗ, ಫೋನಿನ ಮಾತು ಕೇಳತಾವು.
ನಾ ಹಳೇದನ್ನ ಆರಿಸಿದೆ.
ಶುಕ್ರವಾರದ ಸಂತ್ಯಾಗ ಸಿಕ್ಕದ್ದು, ಎತ್ತಿದ್ರ ನಡಾ ಹಿಡಿಯುವಂಥಾದ್ದು,
ತಿರುವಿದ್ರ ಬೆರಳಿಗೆ ತೂಕ ಹತ್ತುವ ಗುಂಡಿ,
ಮೂಲ್ಯಾಗ ಮೋನೋ ಅಂತೊಂದು ಚಿಟಕಿ.
ಯಾರಿಗೆ ಬೇಕು ಈಗ ಅದು, ಅಂತ ಅಂಗಡಿಯವನ
ಇನ್ನೂರು ರೂಪಾಯಿ ಬಿಟ್ಟಿದ್ದ.

ಒಂದು ಕಲ್ಲು ಚಿಕ್ಕೂ ಗಿಡದ ಬುಡಕ, ಮೂತಿ ಮನಿಗೆ.
ಇನ್ನೊಂದನ್ನ ತಾನ ಎತಗೊಂಡು ಹೋಗಿ
ಗ್ವಾಡಿ ಮ್ಯಾಲ ಇಟ್ಲು, ಮೂತಿ ಆಚಿಗೆ.
ಅಷ್ಟೊತ್ತು ನಾ ಹೇಳಿದ್ದೆಲ್ಲಾ ಬಯಲಿಗೆ ಹೋಗಿತ್ತು.

ಹಚ್ಚಿದ್ದು ಎಂಬತ್ತೊಂದರ ಕ್ಯಾಸೆಟ್ಟು, ಪೆನ್ ಡ್ರೈವಿಗೆ ಇಳಿಸಿದ್ದು.
ಅಪ್ಪನ ಪಿಟೀಲು, ಅವ್ವನ ಪಿಯಾನೊ.
ಎರಡು ಮೈಕು ಇಟ್ಟು ಯಾರೋ ಹಿಡದದ್ದು:
ಅಪ್ಪ ಪೂರ್ತಿ ಎಡಕ್ಕ, ಅವ್ವ ಪೂರ್ತಿ ಬಲಕ್ಕ.
ಒಂದು ಸಣ್ಣ ಕೂಸು ಕೆಮ್ಮಿದ್ದು ಮಾತ್ರ
ಎರಡೂ ಕಡೆ.

ಐದು ನಿಮಿಷ ಆಗಿರಬೇಕು.
ಆಚಿ ಮನಿ ಕೆಲಸದ ಹುಡುಗಿ ಗೇಟಿಗೆ ಬಂದು ನಿಂತ್ಲು:
"ಅವ್ವನ ಪಿಯಾನೊ ಕೇಳತೈತಿ,
ಅಪ್ಪನ ಪಿಟೀಲು ಎಲ್ಲಿ ಅಂತ ಕೇಳ್ಯಾರ ನಮ್ಮ ಬಾಯಿ."

ಕೆಟ್ಟಿಲ್ಲ ಏನೂ, ಅಂದೆ,
ಈ ಚಿಟಕಿ ಒತ್ತಿದ್ರ ಇಬ್ಬರೂ ಎರಡೂ ಕಡೆ ಬರತಾರ.
ಬೆರಳು ಚಾಚಿದ್ದೆ,
ಎರ್ಮೆಲಿಂಡಾ ಬಾಯಿ ಮಣಿಕಟ್ಟು ಹಿಡದ್ಲು.
"ಬ್ಯಾಡ.
ನಾನೂ ಅರ್ಧಾನ ಕೇಳಾಕತ್ತೇನಿ.
ಪೂರ್ತಿ ಬೇಕಾದ್ರ ಗೇಟು ಐತಿ ಅಂತ ಹೇಳು ಆಕಿಗೆ."

ಹುಡುಗಿ ಹೋತು.
ನಾ ವಯರ್ ಸುತ್ತಿದೆ, ಇರವಿ ಹೊಗದಂಗ ತೂತು ಮುಚ್ಚಿದೆ,
ಉಪ್ಪಿನ ಗಾಳಿಗಂತ ಟರ್ಮಿನಲ್ಲಿಗೆ ಗ್ರೀಸು ಹಚ್ಚಿದೆ.
ಡಬ್ಬಿ ತಳದಾಗ ಇನ್ನೊಂದೀಟು ಉಳದಿತ್ತು.
ಹೋಗುವಾಗ ಗೇಟಿನ ಕೀಲಿಗೆ ಒರಸಿದೆ,
ಮ್ಯಾಲಿಂದಕ್ಕ, ಕೆಳಗಿಂದಕ್ಕ.

ಬಿಲ್ಲಿನ್ಯಾಗ ಹಿಡೀಲಿಲ್ಲ ಅದನ್ನ.
ಹಿಡದಿದ್ರ ಯಾರ ಹೆಸರಿಲೆ ಬರೀಬೇಕಿತ್ತು?