ರೇಟು

ದಿನಾ ನಾನು ಮಂದಿಗಿ ರೊಕ್ಕ ಹೇಳೋ ಹೆಂಗಸು.
ಸಾವಿರದ ನೂರಾ ಎಂಟು. ನಾನೂರಾ ಅರವತ್ತು.
ಚಿಲ್ಲರ ತರ್ರಿ, ಬಾಜೂಕ ಸರೀರಿ, ಮುಂದಿನವರು ಬರ್ರಿ.
ಕರೆಂಟ್ ಬಿಲ್ಲಿನ ಕಿಂಡಿ ಹಿಂದ ಹತ್ತೊಂಬತ್ತು ವರ್ಷ,
ಒಂದು ಸಲನೂ ನಾಲಿಗಿ ತಡವರಿಸಿಲ್ಲ.

ಆದ್ರ ಐತವಾರ ಮಹಿಬೂಬಿ ಮಾಳಗಿ ಹತ್ತಿ ಬಂದು
ಕಟಗಿ ಹೊಟ್ಟಿನ ಅಂಚಿಗಿ ಚಪ್ಪಲಿ ಬಿಟ್ಟು
"ಇದಕ್ಕೆಷ್ಟು ಕೊಡ್ಲಿ ಅಕ್ಕಾ?" ಅಂದಾಗ
ಬಾಯಿ ಒಣಗಿತು,
ಮೇ ತಿಂಗಳ ಕಲಬುರಗಿ ನಳದಂಗ.

ಆಕಿ ಕೈಯಾಗ ರೆಹಲ್ ಇತ್ತು. ಒಂದೇ ಹಲಗಿ.
ಮೊಳಿ ಇಲ್ಲ, ಫೆವಿಕಾಲ್ ಇಲ್ಲ.
ನಡುವ ಬಟ್ಟಿಗಿ ಬಟ್ಟು ಹೆಣದಂಗ ಕೊರದು
ಎರಡೂ ತುದಿಯಿಂದ ದಪ್ಪ ಸೀಳಿಕೊಂಡು ಬಂದ್ರ
ಒಂದು ಗಳಿಗಿಗಿ ಹಲಗಿ ತನ್ನಷ್ಟಕ್ಕ ಬಾಯಿ ತೆಗೀತದ.
ಆ ಗಳಿಗಿ ಸಲುವಾಗಿ ಹನ್ನೊಂದು ಹಲಗಿ ಕೆಡಿಸೀನಿ.
ಹನ್ನೊಂದೂ ನೀರೊಲಿಗಿ ಹೋದವು.

ಇದು ಶಹಾಬಾದದ ಯಾರದೋ ಮನಿ ಬಾಗಲ,
ಗುಜರಿಯವನ ಹತ್ರ ತೂಕಕ್ಕ ತಂದ ಸಾಗವಾನಿ.
ಒಂದು ಮೂಲಿಗಿ ಹಳೇ ಚಿಲಕದ ತೂತು ಹಂಗೇ ಅದ.
ಮುಚ್ಚಬೇಕಂದೆ. ಮುಚ್ಚಲಿಲ್ಲ.

"ವ್ಯಾಸಪೀಠ ಅನ್ನು, ನೂರು ಹೆಚ್ಚಿಗಿ ಬರ್ತಾವ"
ಅಂತ ಪೇಪರಿನ ಹಿಂದಿಂದ ನಮ್ಮ ಮನಿಯವರು.
ಮಹಿಬೂಬಿ ನಕ್ಕಳು. ನಾ ನೆಲ ನೋಡಿ
"ಇನ್ನೂರು" ಅಂದೆ, ಕದ್ದ ಮಾಲು ಮಾರಿದಂಗ.

ಮರುದಿನದಿಂದ ಗ್ವಾಡಿ ಆಚಿ ಮೊಮ್ಮಗಳ ದನಿ:
ಅಲಿಫ್, ಬೇ, ತೇ.
ತೇ ಹತ್ರ ದಿನಾ ಒಂದು ಆಕಳಿಕಿ.
ಇನ್ನೂರು ಎರಡೇ ದಿನಕ್ಕ ಖರ್ಚಾತು,
ಆಕಳಿಕಿ ಮಾತ್ರ ದಿನಾ ಜಮಾ.

ಬುಧವಾರ ಕಿಂಡಿಯಾಗ ಮಾನಪ್ಪ ಬಡಿಗೇರ ಬಂದ.
ಮೊದಲ ಕೈ, ಆಮ್ಯಾಲ ಬಿಲ್ಲು, ಆಮ್ಯಾಲ ಮುಖ.
ನನಗ ಉಳಿ ಮಸೆಯೋದು ಕಲಿಸಿದ ಕೈ,
ರಂದಾ ಹಿಡಿದಾಗ ಮೊಳಕೈ ತಿದ್ದಿದ ಕೈ.
"ಆರುನೂರಾ ಹನ್ನೆರಡು," ಅಂದೆ.
"ಕೊಡ್ತೀನ್ರಿ ಅಕ್ಕೋರೆ. ರೆಹಲ್ ಇನ್ನೂರಕ್ಕ ಕೊಟ್ರಂತ?
ನಾ ಏಳುನೂರು ಅಂತೀನಿ. ಈಗ ಮಂದಿ ಕೇಳ್ತಾರ,
ಬಿಲ್ಲಿನಕ್ಕ ಇನ್ನೂರಕ್ಕ ಮಾಡ್ತಾಳ, ನಿನಗೇನಾಗ್ಯಾದ?
ನಿಮ್ಮ ರಂದಾದ ಹಿಂದ ಪಗಾರ ಅದ್ರಿ.
ನನ್ನ ರಂದಾದ ಹಿಂದ ನಾನೇ."
ಸಿಟ್ಟಿರಲಿಲ್ಲ. ಎಂಟು ರೂಪಾಯಿ ಚಿಲ್ಲರ
ಎರಡು ಸಲ ಎಣಿಸಿಕೊಂಡ.
ಹಿಂದಿನವ "ಲಗೂ ಮಾಡ್ರಿ" ಅಂದ.

ರಾತ್ರಿ ಒಂದು ಹಳೇ ಬಿಲ್ಲಿನ ಬೆನ್ನಿಗಿ ಲೆಕ್ಕ ಬರದೆ.
ಕಟಗಿ ತೊಂಬತ್ತು. ಪಾಲಿಶ್ ಕಾಗದ ಮೂವತ್ತು.
ಎರಡು ಐತವಾರ. ಬಟ್ಟು ಕೊಯ್ದದ್ದಕ್ಕ ಒಂದು ಸೂಜಿ.
ಕೆಳಗ ಖುಷಿ ಅಂತ ಬರದು
ಕೂಡಿಸಬೇಕೋ ಕಳೀಬೇಕೋ ತಿಳೀದೆ
ಭಾಳ ಹೊತ್ತು ಪೆನ್ನು ಕಚ್ಚಿಕೊಂಡು ಕುಂತೆ.
ಇಷ್ಟು ದಿನ ಕಳದೀನಿ.
ನನ್ನ ಖುಷಿಯ ರಿಯಾಯಿತಿ
ಮಾನಪ್ಪನ ಕಿಸೆದಿಂದ ಹೋಗ್ಲಾಕತ್ತಿತ್ತು.

ಇವತ್ತು ಆಳಂದದಿಂದ ಒಬ್ಬರು ಬಂದಿದ್ರು,
ಮಠದಾಗ ಪ್ರವಚನ ಅದ, ಒಂದು ಬೇಕಂತ.
ತೆರೆದರು, ಮುಚ್ಚಿದರು, ಮೂಗಿಗಿ ಹಿಡಿದರು.
"ಎಷ್ಟ್ರಿ?"
ಮಾಳಗಿ ಮ್ಯಾಲ ಕಿಂಡಿ ಇಲ್ಲ, ಸಾಲು ಇಲ್ಲ, ರಸೀದಿ ಇಲ್ಲ.
"ಏಳುನೂರಾ ಐವತ್ತು," ಅಂದೆ.
"ಐವತ್ತು ಉಳಿಸಬೇಕಂದ್ರ ಮಾನಪ್ಪನ ಹತ್ರ ಹೋಗ್ರಿ,
ನನಗಿಂತ ಚೊಲೋ ಮಾಡ್ತಾನ."
ಅವರು ನನ್ನ ಮುಖ ನೋಡಿದರು, ಹಲಗಿ ನೋಡಿದರು,
ಚಿಲಕದ ತೂತಿನಾಗ ಕಿರಿಬಟ್ಟು ಹಾಕಿ ನೋಡಿದರು.
ಮೆಟ್ಟಲಿಳಿದು ಹೋದರು.

ಕೆಳಗ ಗಾಡಿಗಿ ಒಂದು ಕಿಕ್. ಚಾಲೂ ಆಗಲಿಲ್ಲ.
ಇನ್ನೊಂದು.
ಕೊಡತಿ ಎತ್ತಿದವಳು ಉಳಿಗಿ ಹೊಡೀಲಿಲ್ಲ ನಾ,
ಕಿವಿ ಮೆಟ್ಟಲ ಮ್ಯಾಲ.