ಸೊನ್ನೆ ಇಂಚು, ಸೊನ್ನೆ ಸೆಂಟು

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಸಂದಿಯಲ್ಲಿ
ನನ್ನ ರಿಪೇರಿ ಅಂಗಡಿ, ನಾಲ್ಕು ಹಲಗೆ ಅಗಲ.
ಕಂಬದ ಗಡಿಯಾರ ನಿಂತಾಗೆಲ್ಲ
ಜನ ನನ್ನನ್ನೇ ಬೈಯುತ್ತಾರೆ.
ಅದು ನನ್ನದಲ್ಲ, ಪಂಚಾಯ್ತಿದು.

ಬೊಳ್ಳವ್ವನವರ ಪುಸ್ತಕ ನನಗೆ ಸಿಕ್ಕಿದ್ದು
ಮೆಣಸು ಕಟ್ಟಿಕೊಡುವ ರದ್ದಿಯ ಕಟ್ಟಿನಲ್ಲಿ.
ಮೊದಲ ಇಪ್ಪತ್ತು ಪುಟ ಆಗಲೇ
ಯಾರ್ಯಾರದೋ ಅಡುಗೆಮನೆ ಸೇರಿದ್ದವು.
ಹಾಗಾಗಿ ರಾಕೆಟ್ಟು ಏರಿದ್ದನ್ನು ನಾನು ಓದಲೇ ಇಲ್ಲ.
ನನ್ನ ಪಾಲಿಗೆ ಅವರೆಲ್ಲ ಮೊದಲಿಂದಲೂ ಅಲ್ಲೇ ಇದ್ದವರು,
ಎರಡು ಸೂರ್ಯರ ಒಂದು ಒಣ ಗ್ರಹದಲ್ಲಿ
ಅಳೆದಳೆದು ನೀರು ಕುಡಿಯುತ್ತಾ.

ಅಲ್ಲಿ ಇಳಿದ ಹೆಂಗಸು ಬಾವುಟ ನೆಡಲಿಲ್ಲ.
ಮಳೆ ಮಾಪಕ ಇಟ್ಟಳು.
ತಾಮ್ರದ ಆಲಿಕೆ, ಗಾಜಿನ ಕೊಳವೆ,
ನಮ್ಮ ಕಾಫಿ ತೋಟದ ಬಂಗಲೆಗಳ ಅಂಗಳದಲ್ಲಿರುತ್ತಲ್ಲ, ಅಂಥದ್ದೇ.
ದಿನಾ ಬೆಳಗ್ಗೆ ಎಂಟೂವರೆಗೆ ಬಗ್ಗಿ ನೋಡಿ ಬರೆದಳು:
ಸೊನ್ನೆ ಇಂಚು, ಸೊನ್ನೆ ಸೆಂಟು.
ಮೂವತ್ತೊಂದು ವರ್ಷ.

ಬೇರೆ ಯಾರಾದರೂ ಬರೆದಿದ್ದರೆ
ಕೊನೇ ಪುಟದಲ್ಲಿ ಸುರಿಸಿಬಿಡುತ್ತಿದ್ದರು.
ಬೊಳ್ಳವ್ವ ಸುರಿಸಲಿಲ್ಲ.
ಆ ಹೆಂಗಸು ಸತ್ತ ಮಾರನೇ ದಿನ
ಅವಳ ಕೈಲಿ ದಿನಾ ಬೈಸಿಕೊಳ್ಳುತ್ತಿದ್ದ ಹುಡುಗನೊಬ್ಬ
ಮೂಗೊರೆಸಿಕೊಂಡು, ಆಲಿಕೆಯ ಧೂಳು ಊದಿ,
ಅದನ್ನೇ ಬರೆಯುತ್ತಾನೆ.
ಅಷ್ಟೇ. ಪುಸ್ತಕ ಮುಗಿಯಿತು.
ಆ ರಾತ್ರಿ ನಾನು ಬಿಚ್ಚಿಟ್ಟ ಟೈಂಪೀಸು
ಬೆಳಗಿನವರೆಗೂ ಬಿಚ್ಚಿಕೊಂಡೇ ಇತ್ತು.

ಇಲ್ಲಿ ಮಾರ್ಚ್ ಬಂದರೆ ಅಂಗಡಿ ಎದುರೇ ಜಗಳ.
ಅಮ್ಮತ್ತಿಗೆ ಎಂಬತ್ತು ಸೆಂಟು ಬಿತ್ತಂತೆ,
ಪಾಲಿಬೆಟ್ಟಕ್ಕೆ ನೂರಾ ಹತ್ತಂತೆ, ಸುಳ್ಳು ಕಣೋ,
ನಮ್ಮ ಕಡೆಗೆ ಇಲ್ಲ.
ಹೂಮಳೆಯ ಲೆಕ್ಕ ಹೇಳುವ ಯಾರ ಬಾಯಲ್ಲೂ
ಸೊನ್ನೆ ಅನ್ನುವ ಮಾತು ನಾನು ಕೇಳಿಲ್ಲ.
ಇಲ್ಲ ಬೇರೆ, ಸೊನ್ನೆ ಬೇರೆ.
ಸೊನ್ನೆಗೆ ಯಾರಾದರೂ ಹೋಗಿ ನೋಡಿರಬೇಕು.

ಒಂದು ಬುಧವಾರ, ಸಂತೆಯ ಗದ್ದಲದಲ್ಲಿ, ಅವರೇ ಬಂದರು.
ಹಿಂಬದಿಯ ಅಂಚೆಚೀಟಿಯಷ್ಟು ಚಿತ್ರದಲ್ಲಿದ್ದ
ಅದೇ ದಪ್ಪ ಕನ್ನಡಕ, ನೆರಿಗೆ ಹಿಂದಕ್ಕೆ ಹಾಕಿದ ಸೀರೆ,
ಚೀಲದಿಂದ ಇಣುಕುವ ಕಣಿಲೆ.
‘ದಿನಕ್ಕೆ ಹನ್ನೊಂದು ನಿಮಿಷ ಹಿಂದೆ ಬೀಳುತ್ತೆ ಇದು.
ಅದನ್ನು ಸರಿ ಮಾಡಬೇಡ. ಗಾಜು ಮಾತ್ರ ಹಾಕು.’

ಕೇಳಬೇಕೆಂದು ಹತ್ತೊಂಬತ್ತು ವರ್ಷ ಇಟ್ಟುಕೊಂಡಿದ್ದೆ:
ಆ ಹುಡುಗನ ಹೆಸರೇನು?
ಮೊದಲ ಇಪ್ಪತ್ತು ಪುಟದಲ್ಲಿ ಏನಿತ್ತು?
ಮನೆಯಲ್ಲಿ ಸೈನಬಾಳ ಎದುರು ಹೇಳಿ ಹೇಳಿ ಅಭ್ಯಾಸ ಬೇರೆ.
ಒಂದು ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡಿದ್ದೆ.
ಅದರಲ್ಲಿ ಅವರ ಗಡಿಯಾರ, ಗುಂಡಿ ಬಿದ್ದ ಗ್ರಹದ ಹಾಗೆ.
ಇನ್ನೊಂದು ಕಣ್ಣಲ್ಲಿ ಅವರು.
ಬಾಯಿಂದ ಬಂದದ್ದು, ‘ಅರವತ್ತು ರೂಪಾಯಿ.’
‘ಐವತ್ತಕ್ಕೆ ಮಾಡು.’
ಮಾಡಿದೆ.

ಒಡೆದ ಗಾಜು ಬೆಂಕಿಪೊಟ್ಟಣದಲ್ಲಿದೆ, ಮೂರು ಚೂರು.
ದಿನಕ್ಕೆ ಹನ್ನೊಂದರ ಹಾಗೆ
ನೂರಾ ಮೂವತ್ತೊಂದು ದಿನಕ್ಕೆ ಒಂದು ಇಡೀ ದಿನ.
ಮುಳ್ಳು ತಿರುಗಿಸದೆ ಹಾಗೇ ಬಿಟ್ಟಿದ್ದರೆ
ಅವರ ಮಣಿಕಟ್ಟಿನ ಮೇಲೆ ಇವತ್ತು ಇನ್ನೂ ನಿನ್ನೆ.

ಇನ್ನೊಂದು ಸಲ ಒಡೆಯಲಿ ಎಂದು ಬಯಸುವುದು ಪಾಪ.
ಬುಧವಾರ ಮಾತ್ರ ಎಂಟೂವರೆಗೇ ಹಲಗೆ ಸರಿಸಿ
ಬಗ್ಗಿ ಬೀದಿ ನೋಡುತ್ತೇನೆ.
ಕಂಬದ ಗಡಿಯಾರ ಮತ್ತೆ ನಿಂತಿದೆ.
ಯಾರೋ ಬೈದುಕೊಂಡು ಹೋದರು.