ಜೀರಿಗೆಯ ಮೂರನೇ ವಾರ

ಮುಹರ್ರಕ್‌ನ ಈ ನಾಲ್ಕನೇ ಮಹಡಿಗೆ
ತರಕಾರಿ ಚೀಲದಲ್ಲಿ ಕೂತು ಬಂದವನು ಜೀರಿಗೆ.
"ಕ್ಯಾ ಹೈ ದೀದಿ?" ಅಂದ ವಾಚ್‌ಮನ್ ಶಫೀಕುಲ್.
"ಗೆಣಸು" ಅಂದೆ. ಗೆಣಸು ಸೀನಿತು.

ಅಡುಗೆಮನೆ ತುಂಬ ಹಳೆ ಪೇಪರು ಹಾಸಿದ್ದೇನೆ.
ಜಲಸಂಧಿ ಮುಚ್ಚೀತೇ ಎಂಬ ಪುಟ ಇನ್ನೂ ಒಣಗಿಯೇ ಇದೆ;
ಅವನು ಹುಡುಕಿಕೊಂಡು ಹೋಗಿ ಕೂರುವುದು
'ಬೆಡ್‌ಸ್ಪೇಸ್ ಖಾಲಿ ಇದೆ, ಮೀನು ಬೇಯಿಸಕೂಡದು' ಮೇಲೆ.

ಡ್ಯೂಟಿ ಮುಗಿದ ಮೇಲೆ ಆಟ.
ನನ್ನದೂ ಫರ್ಹಾದನದೂ ಜಂಟಿ ಹೊಲ, ಪರದೆಯೊಳಗೆ:
ಆರು ಹಸು, ಒಂದು ಗಾಳಿಗಿರಣಿ, ಕುಂಬಳದ ಸಾಲು.
ಮುಖ ಕಂಡಿಲ್ಲ. ನೀರಿನಾಚೆ ದಡದ ಹುಡುಗ.
ಮೈಕಿನಲ್ಲಿ ಅವನಮ್ಮ ಬೈಯುವುದು ಕೇಳುತ್ತಿತ್ತು,
ಯಾವ ಭಾಷೆಯಾದರೇನು, ಊಟಕ್ಕೆ ಕರೆಯುವ ಬೈಗುಳ.

ಐದು ದಿನವಾಯ್ತು ಅವನ ಹಸಿರು ಚುಕ್ಕಿ ಆರಿ.
ಟಿವಿಯವರು ಭೂಪಟದ ಮೇಲೆ ಬಾಣ ಎಳೆಯುತ್ತಾರೆ,
ಬಾಣದ ತುದಿಗೆ ಊರ ಹೆಸರಿಲ್ಲ.
ಕುಂದಾಪುರದಿಂದ ಅಣ್ಣನ ಫೋನು: "ಬಪ್ಪುಕಾತ್ತಾ?"
ನಾಯಿಯ ವಿಷಯ ಹೇಳಲಿಲ್ಲ.

ರಾತ್ರಿ ಎರಡಕ್ಕೆ ದೂರದಲ್ಲೇನೋ ಗುಡುಗಿದಂತೆ.
ಜೀರಿಗೆ ಬೊಗಳಲಿಲ್ಲ,
ನನ್ನ ಚಪ್ಪಲಿಯೊಳಗೆ ಮೂತಿ ತೂರಿದ.
ಹೆಡ್‌ಫೋನಿನ ವಯರು ಆಗಲೇ ಅರ್ಧ ಅವನ ಪಾಲು;
ಸದ್ದಿಲ್ಲದ ಆಟಕ್ಕೇ ಕೂತೆ.
ನನ್ನ ಸಾಲಿಗೆ ನೀರು ಹಾಕಿದೆ. ಅವನ ಸಾಲಿಗೂ.
ಹಸುಗಳನ್ನು ಕೊಟ್ಟಿಗೆಗೆ ಹೊಡೆದೆ, ಆರನೆಯದು
ಎಂದಿನಂತೆ ಗಿರಣಿಯ ಹಿಂದೆ ಸಿಕ್ಕಿತು.
ಅವನ ಕುಂಬಳ ನಾಳೆ ಕೊಯ್ಲಿಗೆ ಬರುತ್ತದೆ.
ನಾನಂತೂ ಕೊಯ್ಯುವುದಿಲ್ಲ.

ಬಾಂಗಿನ ಹೊತ್ತಿಗೆ
ಗೆಣಸನ್ನು ಚೀಲಕ್ಕಿಳಿಸಿ ಕೆಳಗೆ ಬಂದೆ.
ಶಫೀಕುಲ್ ಬಾಗಿಲು ಹಿಡಿದು ನಿಂತ,
ಏನೂ ಕೇಳದೆ
ಚಹಾದಲ್ಲಿ ಅದ್ದಿದ ಬಿಸ್ಕತ್ತೊಂದನ್ನು
ಚೀಲದೊಳಗೆ ಇಳಿಬಿಟ್ಟ.